ದ್ವೀಪಕ್ಕೆ ಹೋಗದ ಮೈನಾ

ಮ್ಯಾನ್‌ಹೈಮ್‌ನಿಂದ ಬೆಳಿಗ್ಗೆ ಆರೂವರೆಗೆ ಹೊರಟೆ. ನನ್ನ ಹತ್ತಿರ ಇದ್ದದ್ದು ಡಾಯ್ಚ್‌ಲಾಂಡ್‌ಟಿಕೆಟ್, ಜರ್ಮನಿಯಿಡೀ ಓಡಾಡಬಹುದಾದ ಅಗ್ಗದ ತಿಂಗಳ ಪಾಸು. ಅದರಲ್ಲಿ ವೇಗದ ರೈಲು ಹತ್ತುವಂತಿಲ್ಲ. ನಾಲ್ಕು ಕಡೆ ಗಾಡಿ ಬದಲಿಸಿ ಉತ್ತರದ ಒಂದು ಪುಟ್ಟ ಊರು ತಲುಪುವಾಗ ಮಧ್ಯಾಹ್ನ ಮೂರು. ಜಿನುಗು ಮಳೆ, ಆರು ಡಿಗ್ರಿ ಚಳಿ. ಡಬ್ಬಿಯಲ್ಲಿದ್ದ ಮಂಗಳೂರು ಬನ್ಸ್ ಕಲ್ಲಾಗಿದ್ದವು.

ಬನ್ಸ್ ಒಯ್ದದ್ದು ಲವೀನಾಳಿಗೆ. ಉಡುಪಿಯಲ್ಲಿ ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಈಗ ಅವಳು ಅಲ್ಲಿನ ಪಕ್ಷಿ ಉದ್ಯಾನದಲ್ಲಿ ಬಾಲಿ ಮೈನಾಗಳನ್ನು ನೋಡಿಕೊಳ್ಳುತ್ತಾಳೆ. ಬಾಲಿ ದ್ವೀಪದ್ದೇ ಆದ ಹಕ್ಕಿ. ಮೈಯೆಲ್ಲ ಬಿಳಿ, ಕಣ್ಣಿನ ಸುತ್ತ ನೀಲಿ. ಆ ಅಂದಕ್ಕೇ ಜನ ಹಿಡಿದು ಮಾರಿ, ಕಾಡಿನಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದವು. ಪಂಜರದಲ್ಲಿ ಮರಿ ಮಾಡಿಸಿ ಮರಳಿ ಬಿಟ್ಟ ಮೇಲೆ ಈಗ ಅಲ್ಲಿ ಮತ್ತೆ ಗೂಡು ಕಟ್ಟುತ್ತಿವೆ. ಇಲ್ಲಿಂದಲೂ ಆರು ಹಕ್ಕಿಗಳು ಮರುದಿನ ಹೊರಡುವುದಿತ್ತು. ಆ ಸಂಭ್ರಮ ನೋಡಲೆಂದೇ ನಾನು ಹೋದದ್ದು.

ಲವೀನಾಳ ಮುಖ ಬಾಡಿತ್ತು. "ಐದೇ ಹೋಗುವುದು ಮಾರಾಯ್ತಿ. ನನ್ನದನ್ನು ಬೇಡ ಅಂದ್ರು."

ಅವಳದೆಂದರೆ, ತಾಯಿಹಕ್ಕಿ ಗೂಡಿನಿಂದ ತಳ್ಳಿದ್ದ ಮರಿ. ಮೂರು ವಾರ ಇವಳೇ ಹುಳ ತಿನ್ನಿಸಿ ಬದುಕಿಸಿದ್ದಳು. ತಿನ್ನಿಸುವಾಗ ಮಾತಾಡಬಾರದೆಂಬುದು ಅಲ್ಲಿನ ನಿಯಮ.

"ಗೊತ್ತಿತ್ತು. ಆದ್ರೆ ಈ ಊರಲ್ಲಿ ಕನ್ನಡ ಮಾತಾಡ್ಲಿಕ್ಕೆ ನಂಗೆ ಯಾರುಂಟು ಹೇಳು? ಒಂದು ದಿನ ಬಾಯಿಗೆ ಬಂತು, ಆಮೇಲೆ ದಿನಾ ಬಂತು. ಬೈಸಿಕೊಂಡ ಮೇಲೆ ಎರಡು ತಿಂಗಳು ತುಟಿ ಬಿಚ್ಚಲಿಲ್ಲ. ಅದು ಮರೀಲಿಲ್ಲ."

"ಅಷ್ಟಕ್ಕೇ ಬೇಡ ಅಂದ್ರಾ?"

"ಮನುಷ್ಯರ ಸ್ವರ ಕೇಳಿದ್ರೆ ಹಾರಿ ಬಂದು ಹೆಗಲ ಮೇಲೆ ಕೂತ್ಕೊಳ್ತದೆ. ಬಾಲಿಯಲ್ಲಿ ಹಿಡಿಯುವವರು ಈಗ್ಲೂ ಇದ್ದಾರೆ. ಪಾರ್ಕಿನವರು ಬೇಡ ಅಂದದ್ದು ಸರಿಯೇ. ನಾನೇ ಅದನ್ನು ಹಾಳು ಮಾಡಿದ್ದು."

ಆ ಮೂರು ವಾರ ಅವಳು ಕರೆ ಮಾಡಿದಾಗಲೆಲ್ಲ 'ಮೀಟಿಂಗ್‌ನಲ್ಲಿದ್ದೇನೆ' ಎಂದು ಸಂದೇಶ ಹಾಕಿದವಳು ನಾನು. ನಾಚಿಕೆಯಾಯಿತು. ಬನ್ಸ್ ಡಬ್ಬಿ ಮುಂದಿಟ್ಟೆ. ಅರ್ಧ ತಿಂದು ಬಿಟ್ಟಳು.

ಮರುದಿನ ಒಂಬತ್ತಕ್ಕೆ ಐದು ಪೆಟ್ಟಿಗೆಗಳು ವ್ಯಾನ್ ಹತ್ತಿದವು. ಸಿಬ್ಬಂದಿ ಚಪ್ಪಾಳೆ ತಟ್ಟಿದರು, ಲವೀನಾಳೂ ತಟ್ಟಿದಳು. ವ್ಯಾನ್ ಹೋದ ಮೇಲೆ ನಾವಿಬ್ಬರೂ ಪಂಜರದ ಹತ್ತಿರ ಬಂದೆವು. ಒಂಟಿ ಹಕ್ಕಿ ಜಾಲರಿಗೆ ಬಂದು ಕೂತು, ಕತ್ತು ಓರೆ ಮಾಡಿ, ಥೇಟ್ ಅವಳದೇ ಸ್ವರದಲ್ಲಿ ಕೇಳಿತು: "ಊಟ ಆಯ್ತಾ?"

ಲವೀನಾ ಅಭ್ಯಾಸಬಲದಿಂದ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ನನ್ನತ್ತ ನೋಡಿ ಮೆಲ್ಲಗೆ ಕೈ ಇಳಿಸಿದಳು.

"ಆಯ್ತು ಮಗಾ. ನಿಂದು?"

ನನಗೆ ಹತ್ತೂವರೆಯ ರೈಲಿತ್ತು. ಗೇಟು ದಾಟುವವರೆಗೂ ಅವರಿಬ್ಬರ ಮಾತು ಕೇಳಿಸುತ್ತಲೇ ಇತ್ತು.