ಸೋಲಿಗೆ ಐನೂರರ ಲಿಮಿಟ್

ಕಳೆದ ತಿಂಗಳು ನಮ್ಮ ಮನೆಯಲ್ಲೇ ಪೋಕರ್ ಆಡಿ ಮೂರೂವರೆ ಸಾವಿರ ಗೆದ್ದೆ. ಮರುದಿನದಿಂದ ನನ್ನ ಹಳೆಯ ಗೆಳೆಯರೊಬ್ಬರು ನನ್ನ ಫೋನ್ ಎತ್ತುವುದನ್ನೇ ಬಿಟ್ಟರು.

ಇಂಡಿ ಊರಿನ, ನನ್ನಂಥ ಲಿಂಬೆಹಣ್ಣಿನ ದಲಾಲಿ ಮುದುಕನಿಗೆ ಪೋಕರ್ ಎಲ್ಲಿಂದ ಗಂಟುಬಿತ್ತು ಅಂತ ಕೇಳುತ್ತೀರಾ? ಸಿಂದಗಿಯ ಸಿದ್ರಾಮಪ್ಪ ತನ್ನ ಅಳಿಯನಿಂದ ಕಲಿತ, ನಮಗೆಲ್ಲ ಅಂಟಿಸಿದ. ಮುದ್ದೇಬಿಹಾಳದ ರಿಟೈರ್ಡ್ ಕಂಪೌಂಡರ್ ಒಬ್ಬರು, ಬಸವನ ಬಾಗೇವಾಡಿಯ ವಾದಿರಾಜ ಮಾಸ್ತರರು, ಸಿದ್ರಾಮಪ್ಪ ಮತ್ತು ನಾನು. ತಿಂಗಳಿಗೊಂದು ಭಾನುವಾರ, ಒಂದೊಂದು ಸಲ ಒಬ್ಬೊಬ್ಬರ ಮನೆ. ಕೈಯಲ್ಲಿ ಎರಡು ಎಲೆ, ನಡುವೆ ಐದು ಎಲೆ, ಉಳಿದದ್ದು ಧೈರ್ಯ.

ನಿಯಮ ನಾನೇ ಮಾಡಿದ್ದು. ತಲೆಗೆ ಐನೂರು ರೂಪಾಯಿ, ಅಷ್ಟೇ. ಸಂತೆಗೆ, ಔಷಧಿಗೆ ಇಟ್ಟ ದುಡ್ಡು ಆಟಕ್ಕೆ ಬರಕೂಡದು. ಐನೂರು ಕೊಟ್ಟರೆ ಐವತ್ತು ಹುಣಸೆ ಬೀಜ. ಬೀಜ ಮುಗಿದರೆ ಆಟ ಮುಗಿಯಿತು. ಈ ನಿಯಮದ ಮೇಲೆ ನನಗೆ ಎಷ್ಟು ಹೆಮ್ಮೆ ಅಂತೀರಿ! ನಾನಂತೂ ಅದನ್ನು ಎಂದೂ ಮುರಿದವನಲ್ಲ.

(ಇಲ್ಲಿಯವರೆಗೆ ಓದಿ ನನ್ನನ್ನು ಶಾಣ್ಯಾ ಅಂದುಕೊಂಡಿದ್ದರೆ, ತಡೆಯಿರಿ.)

ಅಂದು ಮಾಸ್ತರರ ಬೀಜ ಊಟಕ್ಕೆ ಮುಂಚೆಯೇ ಖಾಲಿಯಾಯಿತು. ಅವರು ಟೊಪ್ಪಿಗೆ ಹುಡುಕತೊಡಗಿದರು.

"ಏನ್ ಮಾಸ್ತರ, ಇಷ್ಟಕ್ಕ ಏಳ್ತೀರೇನು? ನಮ್ಮನ್ಯಾಗಿಂದ ಬರಿಗೈಲೆ ಹೋಗಬಾರದ್ರಿ" ಅಂದೆ.

"ಬ್ಯಾಡ್ರಿ ಸಾವಕಾರ್ರ, ಸಾಕು."

ನಮ್ಮ ಕಡೆ 'ಸಾಕು' ಅಂದವರ ತಾಟಿಗೆ ಇನ್ನೊಂದು ಹೋಳಿಗೆ ಬೀಳಲೇಬೇಕು. ಅತಿಥಿ ಕೈ ಅಡ್ಡ ಹಿಡಿಯಬೇಕು, ನಾವು ಬೆರಳ ಸಂದಿಯಿಂದಾದರೂ ಬಡಿಸಬೇಕು. ಇಲ್ಲದಿದ್ದರೆ ಅದೆಂಥ ಮರ್ಯಾದೆ? ನಾನು ಹಾಗೇ ಮಾಡಿದೆ. ಡಬರಿ ಪಾತ್ರೆಯಿಂದ ಬೊಗಸೆ ತುಂಬ ಬೀಜ ತೆಗೆದು ಅವರ ಮುಂದೆ ಸುರಿದೆ. ಲೆಕ್ಕ ಆಮೇಲೆ ನೋಡೋಣ ಅಂದೆ. ಅದೂ ಮುಗಿಯಿತು. ಮತ್ತೆ ಬಡಿಸಿದೆ. ಮಾಸ್ತರರು ಸಂಕೋಚದ ಮನುಷ್ಯ, ಬಡಿಸಿದ್ದನ್ನು ಬಿಡಲಾರರು. ಅದಲ್ಲದೆ ಹುಣಸೆ ಬೀಜಕ್ಕೆ ಗಾಂಧಿಯ ಮುಖವೂ ಇರುವುದಿಲ್ಲ.

ಸಂಜೆಯ ಹೊತ್ತಿಗೆ ಸಾಲ ಮೂರು ಸಾವಿರವಾಗಿತ್ತು. ಕೊಟ್ಟ ಬೀಜವೆಲ್ಲ ಒಂದೂ ಉಳಿಯದೆ ನನ್ನ ಕಡೆಗೇ ವಾಪಸ್ ಬಂದಿತ್ತು. ಮರುದಿನ ಬೆಳಿಗ್ಗೆ ಮೊಬೈಲ್ ಟಿಣ್ ಅಂದಿತು. ಮಾಸ್ತರರು ಅಷ್ಟೂ ದುಡ್ಡು ಹಾಕಿದ್ದರು.

ಆಮೇಲೆ ಫೋನ್ ಇಲ್ಲ, ಮಾತಿಲ್ಲ. ಕೊನೆಗೆ ಸಿದ್ರಾಮಪ್ಪ ಬಾಯಿಬಿಟ್ಟ. ಅದು ಮಾಸ್ತರರ ಹೆಂಡತಿ ಸುಧಾಬಾಯಿ ಕಿವಿಯ ಮಷಿನ್‌ಗೆ ಕೂಡಿಟ್ಟ ದುಡ್ಡಂತೆ. ಮಷಿನ್ ಈಗ ಮುಂದಕ್ಕೆ ಹೋಗಿದೆಯಂತೆ. ಇನ್ನು ಆಟಕ್ಕಷ್ಟೇ ಅಲ್ಲ, ನನ್ನ ಹೊಸ್ತಿಲಿಗೂ ಬರುವುದಿಲ್ಲ ಅಂತ ಮಾಸ್ತರರು ಅಂದರಂತೆ.

ಮರುದಿನವೇ ಬಾಗೇವಾಡಿ ಬಸ್ ಹತ್ತಿದೆ. ಮೂರೂವರೆ ಸಾವಿರವನ್ನು ಮಾಸ್ತರರ ಮುಂದಿಟ್ಟೆ. ಆಟದಲ್ಲಿ ಸೋತದ್ದನ್ನು ಮುಟ್ಟುವುದಿಲ್ಲ ಅಂತ ಅವರು ಮುಖ ತಿರುಗಿಸಿದರು. ಹಾಗಾಗಿ ಸುಧಾಬಾಯಿಯ ಕಡೆ ತಿರುಗಿ ತಪ್ಪೊಪ್ಪಿಕೊಂಡೆ. ಅವರಿಗೆ ಕೇಳಿಸಲಿಲ್ಲ. ಜೋರಾಗಿ ಹೇಳಿದೆ. ಆಗಲೂ ಇಲ್ಲ. ಮೂರನೆಯ ಸಲ ಓಣಿಗೆಲ್ಲ ಕೇಳುವಂತೆ ಕ್ಷಮೆ ಕೇಳಬೇಕಾಯಿತು. (ಎದುರು ಮನೆಯವರು ಬಾಗಿಲಿಗೆ ಬಂದು ನಿಂತಿದ್ದರು. ನಿಲ್ಲಲಿ, ನನಗೆ ತಕ್ಕದ್ದೇ.)

ಸುಧಾಬಾಯಿ ದುಡ್ಡು ಎಣಿಸಿ ಐನೂರರ ಒಂದು ನೋಟನ್ನು ನನ್ನ ಕಡೆಗೇ ಸರಿಸಿದರು.

"ಇವರು ಐನೂರ ಒಯ್ದಿದ್ರು, ಸೋತಾರ. ಅದು ನಿಮ್ದ, ಇಟ್ಕೋರಿ. ಉಳಿದದ್ದು ನನ್ನ ಕಿವೀದು. ಆದ್ರ ಒಂದು ಹೇಳ್ರಿ, ಇವರು ಏಳ್ತೇನಿ ಅಂದಾಗ ಗೆಲ್ಲಾಕತ್ತಿದ್ದವರು ಯಾರು?"

ಉತ್ತರ ನನಗೆ ಗೊತ್ತಿತ್ತು: ನಾನೇ. ನಾನು ಬೀಜ ಬಡಿಸಿದ್ದು ಉಪಚಾರವೂ ಅಲ್ಲ, ಮಣ್ಣೂ ಅಲ್ಲ. ನನ್ನ ಕೈ ಮೇಲಾಗಿತ್ತು, ಆಟ ನಿಲ್ಲುವುದು ಬೇಡವಾಗಿತ್ತು. ನನ್ನ ಐನೂರನ್ನು ಭದ್ರವಾಗಿ ಕಾಯ್ದುಕೊಂಡು, ಗೆಳೆಯನ ಐನೂರರ ಬೇಲಿಯನ್ನು ನಾನೇ ಕಿತ್ತಿದ್ದೆ.

ಈಗ ನಿಯಮಕ್ಕೆ ಬಾಲ ಸೇರಿಸಿದ್ದೇವೆ. ಆಟದಲ್ಲಿ ಸಾಲ ಕೊಡುವುದೂ ಇಲ್ಲ, ತಗೊಳ್ಳುವುದೂ ಇಲ್ಲ. ಪುಸ್ತಕದ ಬುದ್ಧಿ ಏನೇ ಹೇಳಲಿ, ದುಡ್ಡಿನ ಶಿಸ್ತು ಅಂದರೆ ಅರ್ಧ ನಿಮ್ಮ ಜೇಬು, ಇನ್ನರ್ಧ ಎದುರಿಗೆ ಕೂತವನ ಜೇಬು.

ಮೊನ್ನೆ ಮುದ್ದೇಬಿಹಾಳದ ಸರದಿ. ಮಾಸ್ತರರು ಬಂದರು. ಮಾತು ಕಡಿಮೆ, ಆದರೆ ಬಂದರು. ಚಹಾದ ಹೊತ್ತಿಗೆ ಅವರ ಬೀಜ ಖಾಲಿ. ಕಂಪೌಂಡರ್ ಆ ಮನೆಯ ಯಜಮಾನರಲ್ಲವೇ, ಅವರ ಕೈ ತಾನಾಗಿಯೇ ಡಬರಿಯತ್ತ ಹೋಯಿತು. ಆ ಕೈಯ ಮೇಲೆ ನನ್ನ ಕೈ ಇಟ್ಟು ತಡೆದೆ. ಮಾಸ್ತರರು ಎದ್ದು ಪೇಪರ್ ಹಿಡಿದು ಕಟ್ಟೆಗೆ ಹೋದರು. ಮುಂದಿನ ಆಟಕ್ಕೆ ನನಗೆ ಜೋಡಿ ರಾಜ ಬಿದ್ದಿದ್ದವು. ಅಂಥ ಎಲೆ ಕೈಯಲ್ಲಿದ್ದೂ ಎದುರಿನ ಚಾಪೆ ಖಾಲಿ ಇರುವುದನ್ನು ನೋಡುತ್ತ ಕೂರುವುದು ಎಷ್ಟು ಕಷ್ಟ ಅಂತ ಅಂದು ತಿಳಿಯಿತು.

ಸೋಲುವುದಕ್ಕೆ ಲಿಮಿಟ್ ಎಲ್ಲರೂ ಇಟ್ಟುಕೊಳ್ಳುತ್ತೀರಿ, ಗೆಲ್ಲುವುದಕ್ಕೆ ಎಷ್ಟು ಇಟ್ಟುಕೊಂಡಿದ್ದೀರಿ?