ಕಂಬಳಿಯಲ್ಲಿ ಸೋಸಿದ ಡೀಸೆಲ್

ನಮ್ಮ ಅಣ್ಣ ಮಿಲ್ಟ್ರಿಯಲ್ಲಿ ಡ್ರೈವರ್ ಆಗಿದ್ದವನು. ತೊಂಬತ್ತರ ದಶಕದ ಕೊನೆಯಲ್ಲಿ ಊರಿಗೆ ವಾಪಸು ಬಂದು, ಹರಾಜಿನಲ್ಲಿ ಒಂದು ಹಳೆಯ ಮಿಲ್ಟ್ರಿ ಲಾರಿ ಹಿಡಿದ. ಮೇಲೆ ಯಾರೋ ಕೆಂಪು ಬಳಿದಿದ್ದರೂ ಬಾನೆಟ್ಟಿನ ಅಂಚಿನಲ್ಲಿ ಹಸಿರು ಇಣುಕುತ್ತಿತ್ತು. ಇಂಥದ್ದೇ ಗಾಡಿಯನ್ನು ಅವನು ಹಿಮದಲ್ಲೂ ಮರಳಿನಲ್ಲೂ ಓಡಿಸಿದ್ದ. ಓದು ಅವನಿಗೆ ಅಷ್ಟಕ್ಕಷ್ಟೆ, ನನಗಂತೂ ಏಳನೇ ಕ್ಲಾಸಿಗೇ ಮುಗಿದಿತ್ತು. ಆದರೆ ಅಣ್ಣ ಇಂಜಿನ್ನಿನ ಸದ್ದು ಕೇಳಿಯೇ ಅದಕ್ಕೆ ಏನಾಗಿದೆ ಎಂದು ಹೇಳಬಲ್ಲವನಾಗಿದ್ದ. ಊರಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ಆ ಕಿವಿಯದು.

ನಮ್ಮ ಸೀಮೆಯ ಹಾನಗಲ್ಲಿನಿಂದ ಮೊಳಕಾಲ್ಮೂರಿನ ಕಡೆಗೆ ರಸ್ತೆ ಕೆಲಸ ನಡೆಯುತ್ತಿತ್ತು. ಜಲ್ಲಿ ಸಾಗಿಸುವ ಕೆಲಸ ಅಣ್ಣನಿಗೆ ಸಿಕ್ಕಿತು. ಜಲ್ಲಿ ಬರದೆ ಆಳುಗಳು ಕೂತರೆ ಬೇರೆ ಗಾಡಿ ನೋಡಿಕೊಳ್ಳುತ್ತೇನೆ ಎಂದು ಅಲ್ಲಿನ ಮೇಸ್ತ್ರಿ ಮೊದಲೇ ಹೇಳಿದ್ದ. ಆ ಕೆಲಸ ನಿಂತರೆ ಲಾರಿ ನಿಲ್ಲುತ್ತಿತ್ತು, ಲಾರಿ ನಿಂತರೆ ಅಣ್ಣ ಮತ್ತೆ ಹೆಂಡತಿ ಮಕ್ಕಳನ್ನು ಬಿಟ್ಟು ಎಲ್ಲಿಗಾದರೂ ವಾಚ್‌ಮನ್ ಆಗಿ ಹೋಗಬೇಕಿತ್ತು. ಅಲ್ಲಿಯವರೆಗೆ ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿನಲ್ಲಿ ಕುರಿ ಕಾಯುತ್ತಿದ್ದ ನಾನು ಅವನ ಲಾರಿಗೆ ಕ್ಲೀನರ್ ಆದೆ.

ಬಂಕು ದೂರವಿದ್ದುದರಿಂದ ಡೀಸೆಲ್ಲನ್ನು ಬ್ಯಾರಲ್ಲಿನಲ್ಲಿ ತಂದು ಇಟ್ಟುಕೊಳ್ಳುತ್ತಿದ್ದೆವು. ಬ್ಯಾರಲ್ಲಿನ ತಳದಲ್ಲಿ ನೀರು ಕೂರುತ್ತಿತ್ತು. ಸೋಸಿ ಹಾಕು ಎಂದು ಅಣ್ಣ ಮಿಲ್ಟ್ರಿಯಿಂದ ತಂದ ದಟ್ಟ ನೇಯ್ಗೆಯ ಬಿಳಿ ಬಟ್ಟೆಯೊಂದನ್ನು ಕೊಟ್ಟ. ನುಣ್ಣನೆಯ ಬಟ್ಟೆ. ಅದನ್ನು ಡೀಸೆಲ್ಲಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ, ತಲೆಗೆ ಸುತ್ತಿಕೊಳ್ಳಲು ಇಟ್ಟುಕೊಂಡೆ. ಕುರಿ ಕಾಯುವವರು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡರೆ ನೀರು ಒಳಕ್ಕೆ ಇಳಿಯುವುದಿಲ್ಲ. ಹಾಗಾದರೆ ಕಂಬಳಿ ನೀರನ್ನು ತಡೆದು ಡೀಸೆಲ್ ಮಾತ್ರ ಬಿಡುತ್ತದೆ ಎಂದು ನನ್ನ ಲೆಕ್ಕ. ಹಳೆಯ ಕಂಬಳಿಯ ಒಂದು ತುಂಡನ್ನು ಲಾಳಿಕೆಯೊಳಗೆ ಹಾಸಿ, ಅದರ ಮೇಲೆಯೇ ಸುರಿಯುತ್ತ ಬಂದೆ.

ಸ್ವಲ್ಪ ದಿನಕ್ಕೆ ಲಾರಿ ನಿಲ್ಲತೊಡಗಿತು. ನಾಲ್ಕೈದು ಮೈಲಿ ಚೆನ್ನಾಗಿ ಓಡುವುದು, ಆಮೇಲೆ ಉಸಿರು ಕಟ್ಟಿದಂತಾಗಿ ಆರಿಹೋಗುವುದು. ಅಣ್ಣ ಇಳಿದು ಕೈಪಂಪು ಒತ್ತಿ, ನಟ್ಟು ಸಡಿಲಿಸಿ, ನೊರೆನೊರೆಯಾಗಿ ಬರುತ್ತಿದ್ದ ಗಾಳಿಯನ್ನು ಬಿಡುತ್ತಿದ್ದ. ಮತ್ತೆ ಸ್ಟಾರ್ಟ್ ಆಗುವುದು, ಮತ್ತೆ ನಾಲ್ಕೈದು ಮೈಲಿ. ಎಲ್ಲೋ ಗಾಳಿ ಎಳೆಯುತ್ತಿದೆ ಎಂದು ಪೈಪು ಬದಲಿಸಿದ, ತಾಮ್ರದ ವಾಷರುಗಳನ್ನು ಬದಲಿಸಿದ. ಪಂಪನ್ನು ಬಿಚ್ಚಿ ದಾವಣಗೆರೆಗೆ ಒಯ್ದು ಸರಿಮಾಡಿಸಿಕೊಂಡು ಬಂದ. ಪದೇಪದೇ ಸೆಲ್ಫ್ ಹೊಡೆದು ಎರಡೂ ಬ್ಯಾಟರಿ ಇಳಿದುಹೋದವು. ಆಗ ಡೈನಮೋ ಚಾರ್ಜ್ ಮಾಡುತ್ತಿಲ್ಲವೇನೋ ಎಂದು ಅದನ್ನೂ ಬಿಚ್ಚಿದ. ಒಂದು ರೋಗ ಹುಡುಕಲು ಹೋಗಿ ಇನ್ನೊಂದನ್ನು ತಂದುಕೊಂಡಂತಾಯಿತು. ರಸ್ತೆ ಕೆಲಸದ ಹೆಂಗಸರು ಬುಟ್ಟಿ ಬೋರಲು ಹಾಕಿ ಕೂತು, "ಮಿಲ್ಟ್ರಿ ಮಾವ, ಯುದ್ಧ ಮುಗೀತಾ, ಇನ್ನೂ ಐತಾ?" ಎಂದು ನಗುತ್ತಿದ್ದರು. ಮೊದಮೊದಲು ಅಣ್ಣನೂ ನಗುತ್ತಿದ್ದ.

ಒಂದು ದಿನ ಪಂಪಿನ ಬಾಯಲ್ಲಿರುವ ಸಣ್ಣ ಜಾಲರಿಯನ್ನು ಬಿಚ್ಚಿ, ನೋಡದೆಯೇ ತೊಳೆಯಲು ನನ್ನ ಕೈಗೆ ಕೊಟ್ಟ. ಅದಕ್ಕೆ ಕರಿಯ ಎಳೆಗಳು ಸುತ್ತಿಕೊಂಡಿದ್ದವು. ಕುರಿಯ ಉಣ್ಣೆಯನ್ನು ನಾನು ಕಣ್ಣು ಮುಚ್ಚಿಕೊಂಡೂ ಗುರುತಿಸಬಲ್ಲೆ. ಡೀಸೆಲ್ ಟ್ಯಾಂಕಿನಲ್ಲಿ ಉದುರಿದ ಉಣ್ಣೆ ಪೈಪಿನ ಬಾಯಿಗೆ ಮೆತ್ತಿಕೊಳ್ಳುತ್ತದೆ, ಇಂಜಿನ್ ನಿಂತಾಗ ಬಿದ್ದುಹೋಗುತ್ತದೆ, ಅದಕ್ಕೇ ಮತ್ತೆ ನಾಲ್ಕೈದು ಮೈಲಿ ಓಡುತ್ತದೆ ಎಂದು ಆ ಕ್ಷಣವೇ ಹೊಳೆಯಿತು. ಎಳೆಗಳನ್ನು ಲುಂಗಿಗೆ ಒರೆಸಿಕೊಂಡು, ಜಾಲರಿ ತೊಳೆದು ಕೊಟ್ಟೆ. ಬಿಳಿ ಬಟ್ಟೆ ನನ್ನ ತಲೆಯ ಮೇಲೇ ಇತ್ತು. ಏನೆಂದು ಹೇಳಲಿ?

ಮಾರನೆಯ ದಿನ ಅಣ್ಣ ಏಳುವ ಮೊದಲೇ ಟ್ಯಾಂಕಿನ ಅಡಿಯ ಬೋಲ್ಟು ಬಿಚ್ಚಿ ಎಲ್ಲ ಬಸಿದುಬಿಡೋಣ ಎಂದು ಲಾರಿಯ ಕೆಳಗೆ ಹೋದೆ. ತುಕ್ಕು ಹಿಡಿದಿತ್ತು. ಸ್ಪ್ಯಾನರ್ ಜಾರಿ ಜಾರಿ ಬೋಲ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾದವು. ಮೇಲಿನ ಬಾಯಿಂದ ಕೈ ಹಾಕಿದರೆ ತಳ ಸಿಗಲಿಲ್ಲ. ಕಂಬಳಿ ತುಂಡನ್ನು ಎಸೆದು ಬಿಳಿ ಬಟ್ಟೆಯಲ್ಲಿ ಸೋಸತೊಡಗಿದೆ. ಒಳಗೆ ಬಿದ್ದದ್ದು ಒಳಗೇ ಇತ್ತು.

ಕೊನೆಗೆ ಅಣ್ಣ ಲಾರಿಯನ್ನು ಚಳ್ಳಕೆರೆಗೆ, ಸಾಬರೊಬ್ಬರ ಗ್ಯಾರೇಜಿಗೆ ತಂದ. ವಯಸ್ಸಾದವರು. ಅಣ್ಣ ಮಾಡಿದ್ದನ್ನೆಲ್ಲ ಕೇಳಿಸಿಕೊಂಡು, "ಎಲ್ಲಾ ನೋಡಿದ್ರಿ ಭಾಯ್, ಟ್ಯಾಂಕ್ ಒಂದು ನೋಡಿಲ್ಲ. ಇಳ್ಸಾಣ?" ಎಂದರು.

"ಟ್ಯಾಂಕ್ ಬ್ಯಾಡ್ರಿ. ಡೀಸೆಲ್ ಸೋಸಿ ಹಾಕೋನು ನನ್ ತಮ್ಮ," ಎಂದ ಅಣ್ಣ.

ಸಾಬರು ನನ್ನ ಕಡೆ ತಿರುಗಿದರು. "ಬಟ್ಟೇಲೇ ಸೋಸಿದ್ದಾ ಬೇಟಾ?"

"ಹ್ಞೂಂರಿ," ಎಂದೆ.

ಅವರು ಮತ್ತೆ ಕೇಳಲಿಲ್ಲ. ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿಸಿ, ಡೈನಮೋ ಕಾರ್ಬನ್ ಬದಲಿಸಿ ಕಳಿಸಿಕೊಟ್ಟರು.

ಅದಾಗಿ ವಾರವೂ ಆಗಿರಲಿಲ್ಲ, ಜಲ್ಲಿ ತುಂಬಿದ ಲಾರಿ ಏರಿನಲ್ಲಿ ನಿಂತಿತು. ಅತ್ತ ಡಾಂಬರು ಕಾಯುತ್ತಿತ್ತು. ಕೈಪಂಪು ಒತ್ತಿ ಒತ್ತಿ ಅಣ್ಣನ ಹೆಬ್ಬೆರಳು ಸುಲಿದಿತ್ತು. ಮೇಸ್ತ್ರಿ ಬೈಕಿನಲ್ಲಿ ಬಂದ, ಬೈಯಲಿಲ್ಲ. "ತಪ್ಪು ತಿಳ್ಕಾಬ್ಯಾಡ್ರಿ ಅಣ್ಣ. ನಾಳೆಯಿಂದ ಬರಬ್ಯಾಡ್ರಿ," ಎಂದು ಹೊರಟುಹೋದ. ಟ್ರ್ಯಾಕ್ಟರ್ ಬಂದು ನಮ್ಮ ಜಲ್ಲಿಯನ್ನು ತುಂಬಿಕೊಂಡು ಹೋಯಿತು. ಅಣ್ಣ ಬಾನೆಟ್ ಎತ್ತಿ ತಣ್ಣಗಾದ ಇಂಜಿನ್ನಿನ ಮುಂದೆ ತುಂಬ ಹೊತ್ತು ನಿಂತಿದ್ದ.

"ಏನಾಗೈತೆ ಅಂತ ನನಗೆ ಗೊತ್ತಾಗ್ತಿಲ್ಲ ಕಣಲೇ," ಎಂದ. "ನನ್ ಕಿವಿ ಹೋತು."

ಹೇಳಿದ್ದರೆ ಆಗ ಹೇಳಬೇಕಿತ್ತು. ಬಾಯಿ ತೆರೆದೆ, ಟೀ ತರ್ಲಾ ಎಂದು ಕೇಳಿದೆ.

ಲಾರಿಯನ್ನು ಗುಜರಿಗೆ ಕೊಟ್ಟು ಅಣ್ಣ ಬಳ್ಳಾರಿಗೆ ವಾಚ್‌ಮನ್ ಆಗಿ ಹೋದ. ನಾನು ಕುರಿಗಳ ಹಿಂದೆ ಹೋದೆ. ಕೆಲವು ವರ್ಷಗಳ ಮೇಲೆ, ಅವನು ಹಬ್ಬಕ್ಕೆ ಬಂದಿದ್ದಾಗ ಇಬ್ಬರೂ ಮೊಪೆಡ್ಡಿನಲ್ಲಿ ಚಳ್ಳಕೆರೆಗೆ ಹೊರಟೆವು. ತಳಕು ಎಂಬ ಊರಿನ ಹತ್ತಿರ ಅದು ಕೆಮ್ಮಿ ನಿಂತಿತು. ಅಣ್ಣ ಬಗ್ಗಿ ಕೂಡ ನೋಡಲಿಲ್ಲ. ಇಳಿದು, ಏನೂ ತಿಳಿಯದ ಪ್ರಯಾಣಿಕನ ಹಾಗೆ ರಸ್ತೆಯ ಪಕ್ಕ ಹೋಗಿ ನಿಂತ. ನಾನೇ ಪ್ಲಗ್ಗು ಬಿಚ್ಚಿ, ಮಸಿ ಒರೆಸಿ ಹಾಕಿದೆ. ಒಂದೇ ತುಳಿತಕ್ಕೆ ಹತ್ತಿಕೊಂಡಿತು.

"ನಿನ್ ಕೈ ಚೆನ್ನಾಗೈತೆ," ಎಂದ ಅಣ್ಣ. "ನನಗೇ ಆ ವಿದ್ಯೆ ಹತ್ತಲಿಲ್ಲ ನೋಡು."

"ಕೂತ್ಕ, ಹೋಗಾನ," ಎಂದೆ. ಅವನು ಹಿಂದೆ ಕೂತು ನನ್ನ ಹೆಗಲ ಮೇಲೆ ಕೈಯಿಟ್ಟ. ಚಳ್ಳಕೆರೆ ಬರುವವರೆಗೂ ಆ ಕೈ ಅಲ್ಲೇ ಇತ್ತು.