ಸೊನ್ನೆ ಹಿಡಿಯುವ ಕೆಲಸ

ಮನೆ ಮಾರಾಟದ ಕಾಗದಕ್ಕೆ ಭಾನುವಾರದೊಳಗೆ ಸಹಿ ಹಾಕಬೇಕಿತ್ತು. ಬೆಲ್‌ರೋಸ್‌ನ ಈ ಮನೆಯನ್ನು ಅಪ್ಪ ಕೊಂಡಾಗ ನನಗೆ ಹತ್ತು ವರ್ಷ. ಅಮ್ಮ ಹೋಗಿ ಆರು ವರ್ಷವಾಯಿತು, ಅಪ್ಪ ಕಳೆದ ಚಳಿಗಾಲದಲ್ಲಿ ಹೋದರು. ಮದುವೆಯಾಗದ ನಾನು ಅವರ ಜೊತೆಗೇ ಇದ್ದವಳು, ಈಗ ಒಬ್ಬಳೇ ಉಳಿದೆ. ಡಲ್ಲಾಸ್‌ನಲ್ಲಿರುವ ತಮ್ಮ ಹೇಳುವುದರಲ್ಲಿ ತಪ್ಪೇನೂ ಇಲ್ಲ. ಒಬ್ಬಳಿಗೆ ಇಷ್ಟು ದೊಡ್ಡ ಮನೆ ಯಾಕೆ, ಹಿಮ ಬಿದ್ದರೆ ಬಾಚುವವರು ಯಾರು, ಮೆಟುಚೆನ್‌ನಲ್ಲಿ ಸ್ಟೇಷನ್ನಿನ ಪಕ್ಕವೇ ಒಂದು ಬೆಡ್‌ರೂಮಿನ ಕಾಂಡೋ ಫ್ಲ್ಯಾಟ್ ಇದೆಯಲ್ಲ ಎನ್ನುತ್ತಾನೆ. ನಾನೂ ಹೂಂ ಅಂದಿದ್ದೆ. ಆದರೆ ಕಾಗದ ಮುಂದಿಟ್ಟುಕೊಂಡರೆ ಅದರಲ್ಲಿದ್ದ ಒಂದು ಅಂಕಿ ಕೈ ತಡೆಯುತ್ತಿತ್ತು. ಮನೆಯ ಅಳತೆ: ಸಾವಿರದ ನೂರು ಚದರಡಿ.

ಅಳೆದವಳು ಏಜೆಂಟ್ ಹುಡುಗಿ. ಬೆಂಕಿಪೆಟ್ಟಿಗೆಗಿಂತ ಚೂರು ದೊಡ್ಡದಾದ ಒಂದು ಯಂತ್ರವನ್ನು ಗೋಡೆಗೆ ಒತ್ತಿ ಹಿಡಿದಳು. ಎದುರು ಗೋಡೆಯ ಮೇಲೆ ಕುಂಕುಮದ ಬೊಟ್ಟಿನಷ್ಟು ಕೆಂಪು ಬೆಳಕು ಬಿತ್ತು, ಯಂತ್ರ ಕೀಂ ಅಂದಿತು, ಮುಗಿಯಿತು. ನಾನು ಹಳೆಯ ಅಭ್ಯಾಸದಿಂದ ಎದುರು ಗೋಡೆಯ ಹತ್ತಿರ ಹೋಗಿ ನಿಂತಿದ್ದೆ. ಸ್ವಲ್ಪ ಸರಿಯುತ್ತೀರಾ, ಬೆಳಕಿಗೆ ಅಡ್ಡ ಬರುತ್ತಿದ್ದೀರಿ ಎಂದಳು, ಬಹಳ ನಯವಾಗಿಯೇ. ಬೇಸ್‌ಮೆಂಟಿನ ಬಾಗಿಲು ತೆರೆದು ತೋರಿಸಿದೆ. ಬಗ್ಗಿ ನೋಡಿದಳು, ಇಳಿಯಲಿಲ್ಲ. ನೆಲಕ್ಕಿಂತ ಕೆಳಗಿರುವುದನ್ನು ವಾಸದ ಜಾಗವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ.

ನಾವು ವಾಸ ಮಾಡಿದ್ದೇ ಅಲ್ಲಿ. ಮೇಲಿನ ಕೋಣೆಗಳು ಮಲಗಲಿಕ್ಕೆ. ಕೆಳಗೆ ಅಪ್ಪ ಕೈಯಾರೆ ಹಲಗೆ ಹೊಡೆದು, ಕಾರ್ಪೆಟ್ ಹಾಸಿ, ಎರಡು ಹಾಸಿಗೆ ಹಾಕಿದ್ದರು. ಊರಿನಿಂದ ಹೊಸದಾಗಿ ಬಂದವರು ಅಪಾರ್ಟ್‌ಮೆಂಟ್ ಸಿಗುವತನಕ ಅಲ್ಲಿರುತ್ತಿದ್ದರು. ಹಾಸನದವರೊಬ್ಬರು ಮೂರು ತಿಂಗಳಿದ್ದರು. ಧಾರವಾಡದ ಆಂಟಿಯೊಬ್ಬರು ನನಗೆ ಜಡೆ ಹೆಣೆಯುತ್ತಾ ಕಥೆ ಹೇಳುತ್ತಿದ್ದರು. ಐದು ವರ್ಷಕ್ಕೇ ಇಲ್ಲಿಗೆ ಬಂದ ನನ್ನ ಬಾಯಲ್ಲಿ ಕನ್ನಡ ಉಳಿದದ್ದು ಅವರೆಲ್ಲರ ಕಾಲಬುಡದಲ್ಲಿ ಕೂತು. ಸ್ಕೂಲಿನಲ್ಲಿ ಕಲಿತ ಇಂಗ್ಲಿಷ್ ಮೆಟ್ಟಿಲ ಮೇಲೆಯೇ ನಿಲ್ಲುತ್ತಿತ್ತು.

ಅಪ್ಪನಿಗೆ ಅಡಿಗಳಲ್ಲಿ ಹೇಳಿದರೆ ಮನೆ ಕಣ್ಣಿಗೆ ಕಟ್ಟುತ್ತಿರಲಿಲ್ಲ. ಅವರದು ಮೈಸೂರಿನ ಲೆಕ್ಕ. ಹತ್ತಡಿ ಉದ್ದ, ಹತ್ತಡಿ ಅಗಲ, ಅದು ಒಂದು ಚದರ. ಸಾವಿರದ ನೂರು ಎಂದರೆ ಸುಮ್ಮನೆ ತಲೆಯಾಡಿಸುವರು. ಹನ್ನೊಂದು ಚದರ ಎಂದರೆ ಸಾಕು, ಹಾಲೆಷ್ಟು, ಅಡುಗೆಮನೆಯೆಷ್ಟು ಎಂದು ಬೆರಳು ಮಡಿಸಲು ಶುರು. ಲಾಂಗ್ ಐಲೆಂಡಿನಲ್ಲಿ ಯಾರೋ ಕಾಲು ಎಕರೆಯಲ್ಲಿ ಮನೆ ಕೊಂಡಾಗ ಗೃಹಪ್ರವೇಶದ ಊಟ ಮಾಡುತ್ತಾ, ಹತ್ತು ಗುಂಟೆಯಾಯಿತು, ಈ ಹುಲ್ಲಿನ ಬದಲು ರಾಗಿ ಬಿತ್ತಬಹುದಿತ್ತು ಎಂದಿದ್ದರು. ನಮ್ಮ ಜಾಗ ನಲವತ್ತು-ನೂರು. ಇಲ್ಲಿಯವರೂ ಹಾಗೇ, ಊರಲ್ಲಿ ಸೈಟು ಹೇಳಿದಂತೆಯೇ ಎರಡು ಅಂಕಿಯಲ್ಲಿ ಹೇಳುತ್ತಾರೆಂದು ಅಪ್ಪನಿಗೆ ಈ ದೇಶದ ಮೇಲೆ ಮೊದಲ ಬಾರಿ ವಿಶ್ವಾಸ ಬಂದದ್ದು.

ಬೇಸ್‌ಮೆಂಟ್ ಮುಗಿದ ದಿನ ಅದನ್ನು ಅಳೆದವರು ನಾವಿಬ್ಬರು. ಕಬ್ಬಿಣದ ಟೇಪಿನ ಒಂದು ತುದಿ ನನ್ನ ಕೈಯಲ್ಲಿ.

"ಸೊನ್ನೆ ನಿಂದು. ಗಟ್ಟಿಯಾಗಿ ಹಿಡ್ಕೋ ಪುಟ್ಟಿ, ಅದು ಜಾರಿದ್ರೆ ಮನೆಯೇ ಜಾರ್ತು" ಎಂದರು.

ನಾನು ಎರಡು ಹೆಬ್ಬೆರಳನ್ನೂ ಗೋಡೆಗೆ ಒತ್ತಿ ಹಿಡಿದೆ. ಅಪ್ಪ ಆ ತುದಿಯಿಂದ ಕೂಗಿ ಹೇಳಿದರು: ಇಪ್ಪತ್ತೈದು. ಅಡ್ಡಲಾಗಿ ಹಿಡಿದಾಗ: ಇಪ್ಪತ್ತನಾಲ್ಕು. ಆರು ಚದರ. ಮೇಲಿನ ಹನ್ನೊಂದಕ್ಕೆ ಸೇರಿಸಿ ಹದಿನೇಳು.

ಆ ಹದಿನೇಳನ್ನು ಅಪ್ಪ ಪ್ರತಿ ಭಾನುವಾರ ಮೈಸೂರಿಗೆ ಫೋನ್ ಮಾಡಿ ದೊಡ್ಡಪ್ಪನಿಗೆ ಒಪ್ಪಿಸುತ್ತಿದ್ದರು. ದೊಡ್ಡಪ್ಪ ಆಗ ತಾನೇ ಹದಿನಾರೂವರೆ ಚದರದ ಮನೆ ಕಟ್ಟಿಸಿದ್ದರು. ಸ್ಪೀಕರ್‌ನಲ್ಲಿ ಅವರ ನಗು ಬೇಸ್‌ಮೆಂಟ್ ತುಂಬುತ್ತಿತ್ತು.

"ಏನೋ, ನಿಮ್ಮ ಕಡೆ ನೆಲದಡಿ ಇರೋದನ್ನೂ ಸೇರಿಸ್ತಾರೇನೋ? ಹಂಗಾದ್ರೆ ನಂದು ಸಂಪೂ ಸೇರಿಸ್ತೀನಿ ತಡಿ."

ತಮ್ಮ ಆಗ ಪುಟ್ಟವನು, ಸೋಫಾದಲ್ಲಿ ಮಲಗಿ ಇದನ್ನೆಲ್ಲ ಕೇಳುತ್ತಾ ನಿದ್ದೆ ಹೋಗುತ್ತಿದ್ದ. ಒಮ್ಮೆ ಇನ್ಶೂರೆನ್ಸಿನ ಫಾರಂ ತುಂಬಿಸಲು ಅಪ್ಪ ನನಗೆ ಹೇಳಿದರು. ಮನೆ ಎಷ್ಟಪ್ಪಾ ಎಂದು ಕೇಳಿದೆ, ಹದಿನೇಳು ಎಂದರು, ಚದರಡಿಯ ಮುಂದೆ ಹದಿನೇಳು ಎಂದೇ ಬರೆದೆ. ವಾರದ ಮೇಲೆ ಹೆಂಗಸೊಬ್ಬರು ಫೋನ್ ಮಾಡಿ, ಇದು ಮನುಷ್ಯರಿರುವ ಮನೆಯೇ ಎಂದು ವಿಚಾರಿಸಿದರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದು ಈಗಲೂ ಕಾಣಿಸುತ್ತದೆ.

ಅಪ್ಪ ಹೋದ ಮೇಲೆ ನಾನು ಬಳಸುತ್ತಿದ್ದದ್ದು ಹೆಚ್ಚೆಂದರೆ ಎರಡೂವರೆ ಚದರ. ಒಲೆಯ ಮುಂದಿನ ಜಾಗ, ಒಂದು ಕುರ್ಚಿ, ನನ್ನ ಮಂಚ. ಉಳಿದ ಕೋಣೆಗಳ ಹೀಟ್ ತಗ್ಗಿಸಿ ಬಾಗಿಲು ಹಾಕಿದ್ದೆ. ಹಿಲ್‌ಸೈಡ್ ಅವೆನ್ಯೂದ ಅಂಗಡಿಯಲ್ಲಿ ಹುರುಳಿಕಾಯಿ ಆರಿಸುವಾಗ ಯಾರಾದರೂ ಕನ್ನಡದಲ್ಲಿ ಮಾತಾಡಿದರೆ ಅವರ ಹಿಂದೆಯೇ ಎರಡು ಸಾಲು ಸುಮ್ಮನೆ ನಡೆದದ್ದುಂಟು. ಮಾತಾಡಿಸಲು ನಾಚಿಕೆ. ಮಾತಾಡಿಸಿದರೂ, ಅವರಿಗೆ ಹೇಳಲು ನನ್ನ ಹತ್ತಿರ ಇದ್ದದ್ದಾದರೂ ಏನು?

ಮಾರುವ ಮೊದಲು ಸೂರು ಸರಿ ಮಾಡಿಸಬೇಕೆಂದು ಏಜೆಂಟ್ ಹೇಳಿದ್ದಳು. ಶುಕ್ರವಾರ ಬೆಳಿಗ್ಗೆ ಸೂರಿನ ಕೆಲಸದವನು, ಇಲ್ಲಿಯ ಮಾತಿನಲ್ಲಿ ರೂಫರ್, ಬಂದ. ನನಗಿಂತ ಹಿರಿಯ, ಒಬ್ಬನೇ ಬಂದಿದ್ದ. ಮನೆಯ ಮೂಲೆಯಲ್ಲಿ ನಿಂತು ಹಳೆಯ ಕಬ್ಬಿಣದ ಟೇಪ್ ಎಳೆದು, ಮೇಡಂ, ಈ ತುದಿ ಸ್ವಲ್ಪ ಹಿಡಿಯುತ್ತೀರಾ ಎಂದು ಕೇಳಿದ. ಹಿಡಿದೆ. ಹೆಬ್ಬೆರಳುಗಳು ತಾವಾಗಿಯೇ ಗೋಡೆಗೆ ಒತ್ತಿಕೊಂಡವು. ಅವನು ಎರಡು ಕಡೆ ಅಳೆದು, ಸೂರಿನ ಇಳಿಜಾರನ್ನು ಕಣ್ಣಲ್ಲೇ ತೂಗಿ, ಪುಸ್ತಕದಲ್ಲಿ ಬರೆದುಕೊಂಡ. ಹದಿಮೂರು ಸ್ಕ್ವೇರ್ ಆಗುತ್ತದೆ ಎಂದ.

ನಾನು ಬೆಚ್ಚಿದೆ. ಒಂದು ಸ್ಕ್ವೇರ್ ಎಂದರೆ ನೂರು ಚದರಡಿ ತಾನೇ ಎಂದು ಕೇಳಿದೆ. ಹೌದು, ನಿಮಗೆ ಹೇಗೆ ಗೊತ್ತು ಎಂದ. ನನ್ನ ತಂದೆ ಹೀಗೆಯೇ ಹೇಳುತ್ತಿದ್ದರು ಎಂದೆ.

"ಅವರೂ ಸೂರಿನ ಕೆಲಸದವರಾ?"

"ಅಲ್ಲ, ಮೈಸೂರಿನವರು" ಎಂದೆ.

ಅವನು ಅದೂ ಒಂದು ಕಸುಬೆಂಬಂತೆ ತಲೆದೂಗಿದ.

ಅವನು ಟೇಪ್ ಸುತ್ತುವ ಮೊದಲು ಕೇಳಿಬಿಟ್ಟೆ. ಒಳಗೆ ಕೆಳಗೊಂದು ಜಾಗ ಇದೆ, ಅಳೆಯಬೇಕು, ಇನ್ನೊಂದು ತುದಿ ಹಿಡಿಯಲು ನನಗೆ ಯಾರೂ ಇಲ್ಲ. ಯಾಕೆ ಏನು ಎನ್ನದೆ ಬೂಟು ಕಳಚಿ ಇಳಿದು ಬಂದ. ನಾನು ಅಂದು ನಿಂತಿದ್ದ ಜಾಗದಲ್ಲಿ ಅವನು ಸೊನ್ನೆ ಹಿಡಿದು ನಿಂತ. ಅಪ್ಪನ ತುದಿಗೆ ನಾನು ಹೋದೆ. ಸೊನ್ನೆ ಹಿಡಿದವರಿಗೆ ಆ ತುದಿಯ ಅಂಕಿ ಕಾಣುವುದಿಲ್ಲ, ಇಷ್ಟು ವರ್ಷ ನನಗದು ಹೊಳೆದೇ ಇರಲಿಲ್ಲ. ಉದ್ದ ಇಪ್ಪತ್ತೈದು, ಸರಿಯಾಗಿಯೇ ಇತ್ತು. ಅಡ್ಡ ಹಿಡಿದೆ. ಇಪ್ಪತ್ತೊಂದು. ಟೇಪ್ ಸಡಿಲವಾಯಿತೇನೋ ಎಂದು ಮತ್ತೆ ಎಳೆದೆ. ಇಪ್ಪತ್ತೊಂದೇ.

ಐದೂಕಾಲು ಚದರ. ಮೇಲಿನದು ಹನ್ನೊಂದು. ಒಟ್ಟು ಹದಿನಾರೂಕಾಲು. ದೊಡ್ಡಪ್ಪನದು ಹದಿನಾರೂವರೆ.

ಕಾಲು ಚದರದಲ್ಲಿ ಸೋತಿದ್ದ ಅಪ್ಪ, ಆ ತುದಿಯಲ್ಲಿ ನಿಂತು, ಮುಖದಲ್ಲಿ ಒಂದು ಗೆರೆಯೂ ಕದಲದಂತೆ ಇಪ್ಪತ್ತನಾಲ್ಕು ಎಂದು ಕೂಗಿದ್ದರು. ನಾನು ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕೆ. ರೂಫರ್ ಸೊನ್ನೆ ಬಿಡದೆ ನನ್ನನ್ನೇ ನೋಡುತ್ತಿದ್ದ. ಅಣ್ಣ ತಮ್ಮಂದಿರ ಪೈಪೋಟಿಯನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟೆ. ಅರ್ಧ ದಾರಿಗೇ ಅದು ಬರೀ ಅಂಕಿಗಳಾಯಿತು. ಅವನು ಮರ್ಯಾದೆಗೆ ನಕ್ಕು ಬೂಟು ಹಾಕಿಕೊಂಡು ಹೋದ. ಅವನ ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ, ಈ ನಗು ತಿಳಿಯುವವರು ಇನ್ನು ಯಾರಿದ್ದಾರೆಂದು ಲೆಕ್ಕ ಹಾಕಿದೆ. ಅಮ್ಮ ಇಲ್ಲ. ದೊಡ್ಡಪ್ಪ ಹೋಗಿ ಒಂಬತ್ತು ವರ್ಷ. ಧಾರವಾಡದ ಆಂಟಿ ಎಲ್ಲಿದ್ದಾರೋ. ಮನೆ ಮಾರಿದರೆ ಇದೂ ನನ್ನೊಬ್ಬಳ ಹೊಟ್ಟೆಯೊಳಗೇ ಉಳಿಯುತ್ತದೆ.

ತಮ್ಮನಿಗೆ ಫೋನ್ ಮಾಡಿದೆ. ಸಹಿ ಆಯಿತಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅದಿರಲಿ, ಬೇಸ್‌ಮೆಂಟ್ ಆರು ಚದರ ಇಲ್ಲ ಕಣೋ, ಐದೂಕಾಲು ಎಂದೆ. ಅವನಿಗೆ ಚದರವೆಂದರೇನು ನೆನಪಿದೆಯೋ ಇಲ್ಲವೋ. ಮಕ್ಕಳ ಜೊತೆಯೂ, ನನ್ನ ಜೊತೆಯೂ ಅವನು ಕನ್ನಡ ಬಿಟ್ಟು ಎಷ್ಟೋ ಕಾಲವಾಗಿದೆ. ಸಂಪು ಸೇರಿಸದೆಯೇ ದೊಡ್ಡಪ್ಪ ಗೆದ್ದಿದ್ದರು ಎಂದು ನಾನೇ ಮುಂದುವರಿಸುವುದರಲ್ಲಿದ್ದೆ.

"ಅಕ್ಕಾ" ಎಂದ. "ದೊಡ್ಡಪ್ಪಂಗೆ ಹೇಳ್ಬೇಡ."

"ಇಲ್ಲ ಕಣೋ. ಹೇಳಲ್ಲ" ಎಂದೆ.



ಭಾನುವಾರ ಸಹಿ ಹಾಕಿದೆ. ಸಾವಿರದ ನೂರು ಎಂಬುದನ್ನು ಹಾಗೆಯೇ ಬಿಟ್ಟೆ. ಮೆಟುಚೆನ್‌ನ ಕಾಂಡೋ ಆರೂವರೆ ಚದರ ಎಂದು ಕಾಗದ ಹೇಳುತ್ತದೆ. ಸಾಮಾನು ಸಾಗಿಸಲು ತಮ್ಮ ಬರುತ್ತಾನಂತೆ. ಅಪ್ಪನ ಟೇಪನ್ನು ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲಿಟ್ಟುಕೊಂಡಿದ್ದೇನೆ. ಸೊನ್ನೆ ಅವನು ಹಿಡಿಯಲಿ. ಆ ತುದಿಯಿಂದ ಏಳು ಚದರ ಎಂದು ಕೂಗುತ್ತೇನೆ.